ವಸಾಹತಿನಿಂದ ವಾರ್ಡಿಗೆ: ಅಮೆರಿಕದ ಫಿಲಿಪಿನೊಗಳ ಅನಾರೋಗ್ಯದ ಚರಿತ್ರೆ

ಅಮೆರಿಕದ ದಾದಿಯರ ಸಂಘಟನೆಯಾದ ನ್ಯಾಷನಲ್ ನರ್ಸಸ್ ಯುನೈಟೆಡ್ 2020ರ ಸೆಪ್ಟೆಂಬರಿನಲ್ಲಿ ಕೊಟ್ಟ ಲೆಕ್ಕದ ಪ್ರಕಾರ, ಆ ದೇಶದ ನೋಂದಾಯಿತ ದಾದಿಯರಲ್ಲಿ ಫಿಲಿಪಿನೊಗಳು ಸುಮಾರು ಶೇ. 4; ಕೋವಿಡ್‌ನಿಂದ ಸತ್ತ ದಾದಿಯರಲ್ಲಿ ಅವರ ಪಾಲು ಶೇ. 31ಕ್ಕೂ ಹೆಚ್ಚು. ಈ ಅಂತರದ ಕಾರಣವನ್ನು ವಂಶವಾಹಿಗಳಲ್ಲಿ ಹುಡುಕುವ ಮೊದಲು, ಇಷ್ಟು ಮಂದಿ ಅಮೆರಿಕದ ರೋಗಿಗಳ ಮಗ್ಗುಲಿಗೆ ಬಂದು ನಿಂತದ್ದು ಹೇಗೆಂದು ಕೇಳಬೇಕಾಗುತ್ತದೆ. ಅದರ ಉತ್ತರ 1898ರ ಪ್ಯಾರಿಸ್ ಒಪ್ಪಂದದಿಂದ ಆರಂಭವಾಗುತ್ತದೆ ಎಂಬುದು ಈ ಲೇಖನದ ವಾದ.

ಆ ಒಪ್ಪಂದದಂತೆ ಸ್ಪೇನ್‌ಗೆ 2 ಕೋಟಿ ಡಾಲರ್ ಕೊಟ್ಟು ಫಿಲಿಪೀನ್ಸ್ ದ್ವೀಪಗಳನ್ನು ಪಡೆದ ಅಮೆರಿಕ, ಯುದ್ಧ ಮಾಡಿಯೇ ಅವುಗಳನ್ನು ಹತೋಟಿಗೆ ತಂದುಕೊಂಡಿತು. 1905ರಿಂದ 1915ರವರೆಗೆ ಅಲ್ಲಿನ ಆರೋಗ್ಯ ಇಲಾಖೆಯನ್ನು ನಡೆಸಿದ ವಿಕ್ಟರ್ ಹೈಸರ್‌ನ ಆಡಳಿತ ಸ್ಥಳೀಯರ ದೇಹವನ್ನು ರೋಗಾಣುಗಳ ನೆಲೆಯೆಂದು ಬಗೆದು ತಿದ್ದಲು ಹೊರಟಿತು. ಅದೇ ವರ್ಷಗಳಲ್ಲಿ ಅಮೆರಿಕದ ಪಠ್ಯಕ್ರಮದ, ಇಂಗ್ಲಿಷ್ ಮಾಧ್ಯಮದ ನರ್ಸಿಂಗ್ ಶಾಲೆಗಳು ಹುಟ್ಟಿದವು. ಕೂಲಿಯ ವಲಸೆಯೂ ಆಗಲೇ ಶುರುವಾಯಿತು: 1906ರಿಂದ ಹವಾಯಿಯ ಕಬ್ಬಿನ ತೋಟಗಳಿಗೆ ಗಂಡಾಳುಗಳು ಹೋದರು. ಅವರು ಅಮೆರಿಕದ ಆಳ್ವಿಕೆಗೊಳಪಟ್ಟ ಪ್ರಜೆಗಳು, ಆದರೆ ಪೌರತ್ವ ಇಲ್ಲದವರು. 1934ರ ಅಮೆರಿಕದ ಕಾಯಿದೆ ಫಿಲಿಪಿನೊಗಳನ್ನು ಪರದೇಶಿಗಳನ್ನಾಗಿಸಿ ಅವರ ವಲಸೆಗೆ ವರ್ಷಕ್ಕೆ 50 ಜನರ ಮಿತಿ ಹೇರಿತು. ಬೇಕಾದಾಗ ಕರೆಯುವ, ಬೇಡವಾದಾಗ ಬಾಗಿಲು ಹಾಕುವ ಈ ಕ್ರಮ ಮುಂದೆಯೂ ನಿಲ್ಲಲಿಲ್ಲ. 1948ರ ವಿನಿಮಯ ಯೋಜನೆಯಡಿ ಬಂದ ದಾದಿಯರನ್ನು ಎಷ್ಟೋ ಆಸ್ಪತ್ರೆಗಳು ತರಬೇತಿಯ ಹೆಸರಿನಲ್ಲಿ ಅಗ್ಗವಾಗಿ ದುಡಿಸಿಕೊಂಡವು. 1965ರ ವಲಸೆ ಕಾಯಿದೆ ಅವರಿಗೆ ನೆಲೆಸುವ ದಾರಿ ತೆರೆಯಿತು. 1974ರಲ್ಲಿ ಫಿಲಿಪೀನ್ಸ್‌ನ ಮಾರ್ಕೋಸ್ ಸರ್ಕಾರ ಕಾರ್ಮಿಕರ ರಫ್ತನ್ನೇ ರಾಷ್ಟ್ರನೀತಿಯಾಗಿಸಿತು. ಈ ವಲಸೆಯ ಬೇರು 1965ರಲ್ಲಿಲ್ಲ, ವಸಾಹತು ಕಾಲದ ಶಿಕ್ಷಣದಲ್ಲಿದೆ ಎಂದು ಕ್ಯಾಥರೀನ್ ಸೆನಿಜಾ ಚೊಯ್ 2003ರ ‘ಎಂಪೈರ್ ಆಫ್ ಕೇರ್’ ಗ್ರಂಥದಲ್ಲಿ ತೋರಿಸಿದ್ದಾರೆ. ಆ ನಿಲುವು ನನಗೆ ಒಪ್ಪಿತ. ಅದನ್ನು ರೋಗದ ಲೆಕ್ಕಕ್ಕೂ ವಿಸ್ತರಿಸಬೇಕು.

ಇದಕ್ಕೆ ಬರುವ ಬಲವಾದ ಆಕ್ಷೇಪವೆಂದರೆ, ಫಿಲಿಪಿನೊಗಳು ವಿದ್ಯಾವಂತರು, ಅವರ ಸರಾಸರಿ ಕುಟುಂಬ ಆದಾಯವೂ ಉತ್ತಮ, ವಂಚಿತರೆನ್ನುವುದು ಹೇಗೆ? ಆದರೆ ಇದೇ ಸಮುದಾಯದಲ್ಲಿ ರಕ್ತದೊತ್ತಡ, ಮಧುಮೇಹ ಬಿಳಿಯರಿಗಿಂತ ಹೆಚ್ಚು. ಹಲವರ ದುಡಿಮೆ ಸೇರಿ ಆದ ಕುಟುಂಬದ ಆದಾಯ ರಾತ್ರಿಪಾಳಿಯನ್ನಾಗಲಿ, ಊರಿಗೆ ಹಣ ಕಳಿಸುವ ಹೊರೆಯನ್ನಾಗಲಿ ಹೇಳುವುದಿಲ್ಲ. ಕೋವಿಡ್ ಸಾವಿನ ಮಟ್ಟಿಗೆ ಉದ್ಯೋಗದ ಒಳಗಿನ ಶ್ರೇಣಿ ಇನ್ನೂ ಮುಖ್ಯ: ತೀವ್ರ ನಿಗಾ ಘಟಕದಂಥ ಹಾಸಿಗೆಪಕ್ಕದ ಕೆಲಸಗಳಲ್ಲೇ ಫಿಲಿಪಿನೊಗಳು ಹೆಚ್ಚು. ದಾದಿಯರೆಲ್ಲರಿಗೂ ಅಪಾಯ ಒಂದೇ ಆಗಿರಲಿಲ್ಲ.

ದೇಹಪ್ರಕೃತಿಯ ವಾದವನ್ನು ಪೂರ್ತಿ ತಳ್ಳಿಹಾಕಲಾಗದು. ತೆಳ್ಳಗಿರುವ ಫಿಲಿಪಿನೊಗಳಿಗೂ ಹೊಟ್ಟೆಯೊಳಗಿನ ಕೊಬ್ಬು ಹೆಚ್ಚಿದ್ದು ಮಧುಮೇಹ ಬರುವುದುಂಟು. ಆದರೂ ಏಷ್ಯನ್ನರ ತಪಾಸಣೆಗೆ ದೇಹತೂಕ ಸೂಚಿಯ ಮಿತಿಯನ್ನು 25ರಿಂದ 23ಕ್ಕೆ ಇಳಿಸಲು ಅಮೆರಿಕನ್ ಡಯಾಬಿಟಿಸ್ ಅಸೋಸಿಯೇಷನ್ 2015ರವರೆಗೆ ಕಾಯಿತು. ಅಲ್ಲಿಯತನಕ ಎಷ್ಟೋ ರೋಗಿಗಳು ಅಳತೆಗೇ ಸಿಗಲಿಲ್ಲ. ಇದರ ಜೊತೆಗೆ, ಅಂಕಿಅಂಶಗಳಲ್ಲಿ ‘ಏಷ್ಯನ್’ ಎಂಬ ಒಂದೇ ಅಂಕಣ ಫಿಲಿಪಿನೊಗಳ ಅಂಕಿಗಳನ್ನು ಚೀನಿ, ಭಾರತೀಯ, ಜಪಾನಿ ಮೂಲದವರ ಅಂಕಿಗಳೊಳಗೆ ಕರಗಿಸುತ್ತಿತ್ತು. ಅಮೆರಿಕದ ಒಕ್ಕೂಟ ಸರ್ಕಾರದ 2024ರ ಮಾನದಂಡ ಫಿಲಿಪಿನೊಗಳನ್ನು ಬೇರೆಯಾಗಿ ಎಣಿಸಲು ಹೇಳುತ್ತದೆ. ಯಾವ ವೀಸಾದಲ್ಲಿ ಬಂದರು, ಯಾವ ವಾರ್ಡಿನಲ್ಲಿ ದುಡಿದರು ಎಂಬುದನ್ನೂ ಆರೋಗ್ಯ ಸಮೀಕ್ಷೆಗಳು ದಾಖಲಿಸಿದರೆ ಮಾತ್ರ ಆ ಎಣಿಕೆ ಕಾರಣದವರೆಗೆ ತಲುಪೀತು.