ಆತ್ಮನಿರ್ಭರ ಭಾರತ ಅಭಿಯಾನದ ಮಾರುಕಟ್ಟೆ ಸುಧಾರಣೆಗಳು

ಆತ್ಮನಿರ್ಭರ ಭಾರತ ಅಭಿಯಾನದ ಮಾರುಕಟ್ಟೆ ಸುಧಾರಣೆಗಳು ಕೋವಿಡ್-19 ಸಾಂಕ್ರಾಮಿಕದಿಂದ ಕುಸಿದ ಆರ್ಥಿಕತೆಯ ಚೇತರಿಕೆಗಾಗಿ ಭಾರತ ಸರ್ಕಾರವು 2020ರಲ್ಲಿ ಕೈಗೊಂಡ ನೀತಿ ಬದಲಾವಣೆಗಳು. ಮೇ 12ರಂದು ಪ್ರಧಾನಿ ನರೇಂದ್ರ ಮೋದಿಯವರು ಸುಮಾರು 20 ಲಕ್ಷ ಕೋಟಿ ರೂಪಾಯಿಗಳ ಪ್ಯಾಕೇಜನ್ನು ಪ್ರಕಟಿಸಿದರು. ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಅವರು ಐದು ಕಂತುಗಳಲ್ಲಿ ಅದರ ವಿವರ ನೀಡಿದರು. ಈ ಮೊತ್ತದಲ್ಲಿ ಸಾಲ ಖಾತರಿ ಹಾಗೂ ರಿಸರ್ವ್ ಬ್ಯಾಂಕಿನ ನಗದು ಪೂರೈಕೆಯ ಕ್ರಮಗಳೂ ಸೇರಿದ್ದುದರಿಂದ ಬೊಕ್ಕಸದ ನೇರ ವೆಚ್ಚ ಇದಕ್ಕಿಂತ ಬಹಳ ಕಡಿಮೆಯಿತ್ತು.

ಕಲ್ಲಿದ್ದಲು ಗಣಿಗಾರಿಕೆಯನ್ನು ಖಾಸಗಿ ವಾಣಿಜ್ಯಕ್ಕೆ ತೆರೆಯಲಾಯಿತು. ರಕ್ಷಣಾ ತಯಾರಿಕೆಯಲ್ಲಿ ಸ್ವಯಂಚಾಲಿತ ಮಾರ್ಗದ ವಿದೇಶಿ ನೇರ ಹೂಡಿಕೆಯ ಮಿತಿ ಶೇ. 49ರಿಂದ 74ಕ್ಕೇರಿತು.

ಹೆಚ್ಚು ವಿವಾದಕ್ಕೊಳಗಾದದ್ದು ಕೃಷಿ. ಜೂನ್‌ನಲ್ಲಿ ಸುಗ್ರೀವಾಜ್ಞೆಗಳಾಗಿ ಬಂದು ಸೆಪ್ಟೆಂಬರ್‌ನಲ್ಲಿ ಕಾಯ್ದೆಗಳಾದ ಮೂರು ಶಾಸನಗಳು ಎಪಿಎಂಸಿ ಪ್ರಾಂಗಣದ ಹೊರಗೆ ರಾಜ್ಯದ ಮಾರುಕಟ್ಟೆ ಶುಲ್ಕವಿಲ್ಲದ ವ್ಯಾಪಾರಕ್ಕೂ ಒಪ್ಪಂದ ಕೃಷಿಗೂ ಅವಕಾಶವಿತ್ತು, ದಾಸ್ತಾನು ಮಿತಿಯನ್ನು ಸಡಿಲಿಸಿದವು. ಖರೀದಿದಾರರ ಪೈಪೋಟಿಯಿಂದ ರೈತನಿಗೆ ಉತ್ತಮ ಬೆಲೆ ದೊರೆಯುವುದೆಂಬುದು ಸಮರ್ಥಕರ ವಾದ. ಶುಲ್ಕವಿಲ್ಲದ ವ್ಯಾಪಾರವು ಮಂಡಿಗಳನ್ನು ಬರಿದಾಗಿಸಿ, ಅವುಗಳನ್ನೇ ನೆಚ್ಚಿದ ಬೆಂಬಲ ಬೆಲೆಯ ಖರೀದಿಯನ್ನು ದುರ್ಬಲಗೊಳಿಸೀತೆಂದು ಪಂಜಾಬ್, ಹರಿಯಾಣಗಳ ರೈತರು ಆತಂಕಪಟ್ಟರು. ಕೃಷಿಯು ರಾಜ್ಯಪಟ್ಟಿಯ ವಿಷಯವೆಂಬ ಆಕ್ಷೇಪವೂ ಇತ್ತು. ದೆಹಲಿಯ ಗಡಿಗಳಲ್ಲಿ ಸುಮಾರು ಒಂದು ವರ್ಷ ನಡೆದ ಧರಣಿಯ ಬಳಿಕ, 2021ರ ನವೆಂಬರ್ 29ರಂದು ಸಂಸತ್ತು ಮೂರೂ ಕಾಯ್ದೆಗಳ ರದ್ದತಿ ಮಸೂದೆಯನ್ನು ಅಂಗೀಕರಿಸಿತು. ಅವುಗಳ ಜಾರಿಗೆ ಸರ್ವೋಚ್ಚ ನ್ಯಾಯಾಲಯವು ಜನವರಿಯಲ್ಲೇ ತಡೆ ನೀಡಿದ್ದರಿಂದ, ಬೆಲೆಯ ಕುರಿತಾದ ಎರಡೂ ವಾದಗಳು ಪರೀಕ್ಷೆಗೊಳಗಾಗಲಿಲ್ಲ.

ಕರ್ನಾಟಕವು 2020ರಲ್ಲಿ ತನ್ನ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳನ್ನು ಕೈಬಿಟ್ಟು, ಕೃಷಿಕರಲ್ಲದವರೂ ಕೃಷಿಭೂಮಿ ಕೊಳ್ಳಲು ದಾರಿ ಮಾಡಿತು. ಕೇಂದ್ರದ ರದ್ದತಿಯು ಈ ರಾಜ್ಯ ತಿದ್ದುಪಡಿಗೆ ಅನ್ವಯಿಸಲಿಲ್ಲ.