ಹಳೆಯ ತಂತಿಗೆ ಹೊಸ ಕೆಲಸ

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಹಿರಿಯರಿಗೆ ಟ್ರಂಕ್ ಕಾಲ್ ನೆನಪಿರಬಹುದು. ಸೀರೆ ವ್ಯಾಪಾರಿಯಿರಲಿ, ಬೆಲ್ಲದ ಧಾರಣೆ ವಿಚಾರಿಸುವ ರೈತನಿರಲಿ, ಪರ ಊರಿನವರೊಡನೆ ಮಾತನಾಡಲು ಕರೆ ಬುಕ್ ಮಾಡಿ ಗಂಟೆಗಟ್ಟಲೆ ಕಾಯಬೇಕಿತ್ತು.

ಈ ಕಾಯುವಿಕೆ ಮುಗಿದ ಕಥೆಯ ಮುಖ್ಯ ಅಧ್ಯಾಯವೊಂದು ನಡೆದದ್ದು ಪಕ್ಕದ ಬೆಳಗಾವಿ ಜಿಲ್ಲೆಯಲ್ಲಿ. 1984ರಲ್ಲಿ ಸ್ಥಾಪನೆಯಾದ ಸಿ-ಡಾಟ್ ಸಂಸ್ಥೆಯು ಹಳ್ಳಿಗಳಿಗೆಂದೇ ರೂಪಿಸಿದ 128 ಪೋರ್ಟ್‌ಗಳ ಸ್ವಯಂಚಾಲಿತ ದೂರವಾಣಿ ಕೇಂದ್ರ 1986ರಲ್ಲಿ ಕಿತ್ತೂರಿನಲ್ಲಿ ಆರಂಭವಾಯಿತು. ಹವಾನಿಯಂತ್ರಣದ ಹಂಗಿಲ್ಲದೆ ನಮ್ಮ ಬಿಸಿಲು, ದೂಳಿನಲ್ಲೇ ನಡೆಯುವುದು ಅದರ ಹೆಚ್ಚುಗಾರಿಕೆ. ಇಂಥ ಕೇಂದ್ರಗಳು ಹಬ್ಬಿದಂತೆ ತಾಮ್ರದ ಜೋಡಿ ತಂತಿ ಸಣ್ಣ ಊರುಗಳ ಮನೆಬಾಗಿಲಿಗೂ ಬಂತು.

ಆ ತಂತಿಯಲ್ಲಿ ಮಾತಿಗೆ ಬೇಕಾದದ್ದು 4 ಕಿಲೊಹರ್ಟ್ಸ್‌ಗಿಂತ ಕೆಳಗಿನ ಕಿರಿದಾದ ಜಾಗ ಮಾತ್ರ. ಅದರ ಮೇಲಿನದೆಲ್ಲ ಖಾಲಿ. ಡಿಎಸ್‌ಎಲ್ ತಂತ್ರಜ್ಞಾನ ಸುಮಾರು 25 ಕಿಲೊಹರ್ಟ್ಸ್‌ನಿಂದ 1.1 ಮೆಗಾಹರ್ಟ್ಸ್‌ವರೆಗಿನ ಜಾಗದಲ್ಲಿ ಮಾಹಿತಿ ಹರಿಸಿತು. ಬಿಎಸ್‌ಎನ್‌ಎಲ್ 2005ರಲ್ಲಿ ಹಳೆಯ ತಂತಿಯ ಮೇಲೆಯೇ ಬ್ರಾಡ್‌ಬ್ಯಾಂಡ್ ಆರಂಭಿಸಿದಾಗ, ಇಂಟರ್‌ನೆಟ್ ಬಳಸುತ್ತಲೇ ಫೋನಿನಲ್ಲಿ ಮಾತನಾಡುವುದು ಸಾಧ್ಯವಾಯಿತು. ಡಯಲ್-ಅಪ್ ಕಾಲದಲ್ಲಿ ಈ ಅನುಕೂಲವಿರಲಿಲ್ಲ.

ಇನ್ನೂ ಒಂದು ಮೆಟ್ಟಿಲು ಮೇಲೇರಿದವರು 1998ರಲ್ಲಿ ಕೂಡಿಕೊಂಡ ‘ಹೋಂಪಿಎನ್‌ಎ’ ಕಂಪನಿಗಳು. 4ರಿಂದ 10 ಮೆಗಾಹರ್ಟ್ಸ್ ನಡುವೆ, ಅದೇ ಫೋನ್ ತಂತಿಯಿಂದ ಮನೆಯೊಳಗಿನ ಕಂಪ್ಯೂಟರುಗಳನ್ನು ಪರಸ್ಪರ ಜೋಡಿಸುವುದು ಅವುಗಳ ಉಪಾಯ. ಕೋಣೆಕೋಣೆಗೂ ಫೋನ್ ಸಾಕೆಟ್ ಇದ್ದ ಅಮೆರಿಕದ ಮನೆಗಳಿಗೆ ಅದು ಒಪ್ಪಿತು. ನಮ್ಮ ಪಡಸಾಲೆಯಲ್ಲಿ ಸಾಮಾನ್ಯವಾಗಿ ಇದ್ದದ್ದು ಒಂದೇ ಫೋನು. ಮನೆಯೊಳಗೆ ಹರಿದಾಡುವ ತಂತಿಗಿಂತ ಮನೆಗೆ ಬರುವ ತಂತಿಯೇ ಇಲ್ಲಿ ಆಸ್ತಿ. ಒಳಗಿನ ಕೆಲಸವನ್ನು ಮುಂದೆ ವೈ-ಫೈ ವಹಿಸಿಕೊಂಡಿತು.

ಆದರೆ ಈ ಆಸ್ತಿ ಎಲ್ಲರಿಗೂ ಸಮನಾಗಿ ದಕ್ಕಲಿಲ್ಲ. ತಂತಿ ಉದ್ದವಾದಷ್ಟೂ ಮೇಲಿನ ಕಂಪನಗಳು ಸೊರಗುತ್ತವೆ. ಕೇಂದ್ರದಿಂದ ಸುಮಾರು 5 ಕಿಲೋಮೀಟರ್ ದಾಟಿದರೆ ಡಿಎಸ್‌ಎಲ್ ಕಷ್ಟ. ಕೇಂದ್ರದ ಬಳಿಯ ಪೇಟೆಯ ಅಂಗಡಿಗೆ ಇಂಟರ್‌ನೆಟ್ ಬಂದರೂ, ದೂರದ ಕಬ್ಬಿನ ತೋಟದ ಮನೆಗೆ ಅದೇ ತಾಮ್ರ ಮಾತನ್ನಷ್ಟೇ ಮುಟ್ಟಿಸಬಲ್ಲದು. ಆ ಕೊರತೆಯನ್ನು ತುಂಬಬೇಕಾದದ್ದು ಮೊಬೈಲ್ ಗೋಪುರ ಮತ್ತು ಗಾಜಿನ ಎಳೆ. ಗ್ರಾಮ ಪಂಚಾಯಿತಿಗಳಿಗೆ ಆ ಎಳೆ ಒಯ್ಯುವ ಕೇಂದ್ರದ ಯೋಜನೆಗೆ ಒಪ್ಪಿಗೆ ದೊರೆತದ್ದು 2011ರಲ್ಲಿ.

ತಾಮ್ರದ ಕಾಲ ಮುಗಿಯುತ್ತ ಬಂದಿದೆ. ದೂರದ ಮನೆಯನ್ನು ಕಡೆಯಲ್ಲಿ ನಿಲ್ಲಿಸಬಾರದೆಂಬ, ಕಿತ್ತೂರಿನಲ್ಲಿ ಶುರುವಾದ ಕೆಲಸ ಮಾತ್ರ ಇನ್ನೂ ಬಾಕಿಯಿದೆ.