ಮಂಗಳೂರಿನ ಆಶು: ಯೆಹೂದ್ಯಶಾಸ್ತ್ರದಲ್ಲಿ ಕುಲಪ್ರವೇಶ

ಕಲಬುರಗಿಯ ಸಮೀಪದ ಮರ್ತೂರಿನೊಡನೆ ವಿಜ್ಞಾನೇಶ್ವರನ ಹೆಸರು ಬೆಸೆದುಕೊಂಡಿದೆ. ಕಲ್ಯಾಣದ ಆರನೆಯ ವಿಕ್ರಮಾದಿತ್ಯನ (೧೦೭೬-೧೧೨೬) ಕಾಲದಲ್ಲಿ ಅವನು ರಚಿಸಿದ ಮಿತಾಕ್ಷರೆಯು ದಾಸವಿಮೋಚನೆಯ ವಿಧಿಯನ್ನು ನಾರದಸ್ಮೃತಿಯಿಂದ ಎತ್ತಿಕೊಳ್ಳುತ್ತದೆ. ಒಡೆಯನು ದಾಸನ ಹೆಗಲ ಮೇಲಿನ ನೀರುಗೊಡವನ್ನು ತೆಗೆದು ಒಡೆಯಬೇಕು. ಅಕ್ಷತೆ ಹೂಗಳು ಕೂಡಿದ ನೀರನ್ನು ಅವನ ತಲೆಯ ಮೇಲೆ ತಳಿದು, ಅದಾಸನೆಂದು ಮೂರು ಬಾರಿ ನುಡಿಯಬೇಕು. ಅಂದಿನಿಂದ ಅವನು ಭೋಜ್ಯಾನ್ನನಾಗುತ್ತಾನೆಂದು ನಾರದನ ಮತ. ಆದರೆ ಬಿಡುಗಡೆ ಹೊಂದಿದವನು ಇನ್ನು ಯಾರ ಕುಲದವನೆಂಬುದನ್ನು ಆ ವಚನವು ವಿಚಾರಿಸುವುದಿಲ್ಲ. ವಿಕ್ರಮಾದಿತ್ಯನು ತೀರಿಕೊಂಡ ಆರೇ ವರ್ಷಗಳಲ್ಲಿ, ಪಡುವಣ ಕಡಲ ತಡಿಯ ಮಂಗಳೂರಿನ ಒಂದು ಮನೆಯಲ್ಲಿ ಆ ವಿಚಾರವೇ ಮುಖ್ಯವಾಯಿತು.

ಆ ಮನೆಯ ಯಜಮಾನನು ಅಬ್ರಹಾಂ ಬೆನ್ ಯಿಜು. ಟ್ಯುನೀಸಿಯದ ಮಹ್ದಿಯಾ ಪಟ್ಟಣದ ಈ ಯೆಹೂದ್ಯ ವರ್ತಕನು ಸುಮಾರು ೧೭ ವರ್ಷ ಈ ದೇಶದಲ್ಲಿದ್ದು, ಮೆಣಸು ಅಡಕೆಗಳ ವ್ಯಾಪಾರದೊಡನೆ ಕಂಚಿನ ಪಾತ್ರೆಗಳ ಕಾರ್ಖಾನೆಯನ್ನೂ ನಡೆಸಿದನು. ಭಗವನ್ನಾಮವಿರುವ ಬರಹವನ್ನು ನಾಶಪಡಿಸಬಾರದೆಂಬ ಯೆಹೂದ್ಯರ ನಿಯಮದಿಂದ ಅವನ ಕಾಗದಗಳು ಕೈರೋ ಬಳಿಯ ಫುಸ್ತಾತಿನ ದೇವಮಂದಿರದ ಉಗ್ರಾಣದಲ್ಲಿ ಉಳಿದು ಬಂದುವು. ಅವನ ದಾಸನೂ ವ್ಯಾಪಾರದ ಕಾರಭಾರಿಯೂ ಆಗಿದ್ದವನೊಬ್ಬನಿಗೆ ಏಡನ್ನಿನ ವರ್ತಕರು ತಮ್ಮ ಪತ್ರಗಳಲ್ಲಿ ನಮಸ್ಕಾರ ತಿಳಿಸುತ್ತಿದ್ದರು. ಅವನ ಹೆಸರನ್ನು ಬೊಮ್ಮನೆಂದು ಓದಿದವರಿದ್ದಾರೆ.

೧೧೩೨ರ ಅಕ್ಟೋಬರ್ ೧೭ರಂದು ಬೆನ್ ಯಿಜು ಆಶು ಎಂಬ ದಾಸಿಗೆ ಬಿಡುಗಡೆಯ ಪತ್ರ ಬರೆದುಕೊಟ್ಟನು. ಆಕೆಗೆ ಬೆರಾಖಾ, ಎಂದರೆ ಆಶೀರ್ವಾದ, ಎಂಬ ಹೊಸ ಹೆಸರಾಯಿತು. ಹೀಬ್ರೂ ಲಿಪಿಯಲ್ಲಿ ಸ್ವರಗಳೆಲ್ಲ ತೋರವಾದುದರಿಂದ ಆಶು ಎಂಬುದಕ್ಕೆ ವ್ಯುತ್ಪತ್ತಿ ಕಟ್ಟುವುದು ಸಾಹಸವೇ ಸರಿ. ಆಕೆ ಅವನ ಪತ್ನಿಯೂ ಮಕ್ಕಳ ತಾಯಿಯೂ ಆದಳೆಂದು ವಿದ್ವಾಂಸರು ಊಹಿಸಿದ್ದಾರೆ. ಯೆಹೂದ್ಯಶಾಸ್ತ್ರದಂತೆ ದಾಸಿಯ ಮಕ್ಕಳಿಗೆ ತಾಯಿಯ ಸ್ಥಿತಿಯೇ ಪ್ರಾಪ್ತ. ತಂದೆ ಎಂತಹ ಶ್ರೋತ್ರಿಯನಾದರೂ ಫಲವಿಲ್ಲ. ಆದರೆ ವಿಧಿವತ್ತಾಗಿ ಬಿಡುಗಡೆ ಪಡೆದವಳು ಪೂರ್ಣ ಯೆಹೂದ್ಯಳು. ಆದಕಾರಣ ಆ ಪತ್ರವು ಕೇವಲ ಔದಾರ್ಯದ ಕುರುಹಲ್ಲ. ಹುಟ್ಟಲಿರುವ ಮಕ್ಕಳ ಕುಲವೇ ಅದರ ಮೇಲೆ ನಿಂತಿದ್ದಿತು. ೧೧೪೯ರಲ್ಲಿ ಬೆನ್ ಯಿಜು ಏಡನ್ನಿಗೆ ಮರಳಿ, ಮಗಳನ್ನು ಸ್ವಂತ ಅಣ್ಣತಮ್ಮಂದಿರ ಮನೆಗೇ ಕೊಡಬೇಕೆಂದು ಹಟ ಹಿಡಿದನು. ೧೧೫೬ರಲ್ಲಿ ಫುಸ್ತಾತಿನಲ್ಲಿ ಸೋದರನ ಮಗನೊಡನೆ ಆಕೆಯ ವಿವಾಹವಾಯಿತು.

ಮುಂದೆ ಅದೇ ಫುಸ್ತಾತಿನಲ್ಲಿ ನೆಲಸಿದ ಆಚಾರ್ಯ ಮೈಮೊನಿಡೀಸನಿಗೆ (೧೧೩೮-೧೨೦೪) ಒಬಾದ್ಯನೆಂಬ ಮತಾಂತರಿತನು ಒಂದು ಸಂದೇಹವನ್ನು ಬರೆದು ಕಳುಹಿದನು: ಪ್ರಾರ್ಥನೆಯಲ್ಲಿ ‘ನಮ್ಮ ಪಿತೃಗಳ ದೇವ’ ಎನ್ನಲು ತನಗೆ ಅಧಿಕಾರವುಂಟೆ? ಉಂಟೆಂದೇ ಆಚಾರ್ಯನ ನಿರ್ಣಯ. ಅಬ್ರಹಾಮನ ಮಾರ್ಗವನ್ನು ಹಿಡಿದವರಿಗೆಲ್ಲ ಅಬ್ರಹಾಮನೇ ಪಿತೃವೆಂದು ಅವನ ಹೇತು. ‘ನಮ್ಮನ್ನು ಈಜಿಪ್ಟಿನಿಂದ ಬಿಡಿಸಿದ’ ಎಂಬ ಮಾತನ್ನು ಮಾತ್ರ ಬೇಕಾದರೆ ‘ಇಸ್ರೇಲರನ್ನು ಬಿಡಿಸಿದ’ ಎಂದು ಬದಲಿಸಿಕೊಳ್ಳಬಹುದು, ಬದಲಿಸದಿದ್ದರೂ ಬಾಧಕವಿಲ್ಲವೆಂದು ಅವನು ಉತ್ತರವಿತ್ತನು.